ಹಾಕದೆ ಹೆಚ್ಚಿದ್ದು

ಕಡ್ಡಿ ಎಳೆದು, ಒರೆಸಿ, ಇಳಿಸಿ, ಮತ್ತೆ ಎಳೆದು
ಹುಸೇನಪ್ಪ ಬಿಸಿಲಿಗೆ ಹಿಡಿದ.
ಮೇಲಿನ ಗೆರೆ ದಾಟಿ ಅರ್ಧ ಬೆರಳು
ಎಣ್ಣೆ ಹತ್ತಿತ್ತು.

'ನಡುವ ಯಾರರ ಎಣ್ಣಿ ಹಾಕ್ಯಾರೇನ್ರಿ ಅಕ್ಕಾರ?'
ಯಾರೂ ಇಲ್ಲ.
ಒಳಗೊಳಗೆ ಖುಷಿಪಟ್ಟಿದ್ದೆ, ನಿಜ ಹೇಳಬೇಕೆಂದರೆ.
ಅಪ್ಪನ ಕಾಲದ ಮಾರುತಿ, ಆರು ತಿಂಗಳಿಂದ ಹನಿ ಎಣ್ಣೆ ಕೇಳಿಲ್ಲ,
ಕೊಟ್ಟದ್ದಕ್ಕಿಂತ ಜಾಸ್ತಿಯೇ ಇಟ್ಟುಕೊಂಡಿದೆ ಅಂತ.

'ಕಡಿಮಿ ಆತಂದ್ರ ಎಲ್ಲಾರೂ ಓಡಿ ಬರ್ತಾರ.
ಹೆಚ್ಚಾತಂದ್ರ ಯಾರೂ ಬರಂಗಿಲ್ಲ ನೋಡ್ರಿ.'

ರಾಯಚೂರು, ಆಶಾಪುರ ರಸ್ತೆ, ಏಪ್ರಿಲ್, ಹನ್ನೊಂದೂವರೆ.
ತಗಡಿನ ಶೆಡ್ಡಿನಡಿಯ ನೆರಳೂ ಸುಡುತ್ತಿತ್ತು.
ಪಾನಾ ಮುಟ್ಟಲು ಹುಡುಗ ಗೂಳಪ್ಪ
ಅಂಗಿಯ ತುದಿ ಸುತ್ತಿಕೊಳ್ಳುತ್ತಿದ್ದ.
ಈ ಊರಲ್ಲಿ, ಈ ಬಿಸಿಲಲ್ಲಿ
ನಿಮ್ಮ ಎಂಜಿನ್ನು ಒಂದು ದಿನವೂ ಕಾದಿಲ್ಲ ಅನ್ನುತ್ತಾನೆ!

ಎಲ್ಲಿಂದ ಕಾಯಬೇಕು?
ಮನೆಯಿಂದ ಲ್ಯಾಬಿಗೆ ಒಂಬೈನೂರು ಮೀಟರು.
ಎಳೆದ ಚೋಕ್ ತಳ್ಳುವ ಮೊದಲೇ ಗೇಟು ಬರುತ್ತದೆ.
ಆಮೇಲೆ ಸಂಜೆತನಕ ನಾನು
ಊರಿನವರ ಮೊಣಕೈ ಹುಡುಕುತ್ತ ಕೂತಿರುತ್ತೇನೆ.

ಅಲ್ಲಿಂದಲೇ ತಂದಿದ್ದೆ ಒಂದು ಫಿಲ್ಟರ್ ಪೇಪರು.
ಒಂದು ಹನಿ ಬಿಟ್ಟೆವು. ಕಾದೆವು.
ನಡುವೆ ಕಪ್ಪು ಬೊಟ್ಟು, ಸುತ್ತ ಕಂದು ಬಳೆ,
ಅದರಾಚೆ ತೆಳ್ಳಗೆ, ನೀರಲ್ಲದ ಒಂದು ಒದ್ದೆ
ನಿಲ್ಲದೆ ಅಂಚಿನ ಕಡೆ ನಡೆಯುತ್ತಿತ್ತು.
'ರಕ್ತ ತೆಳ್ಳಗಾದ ಹಾಗೆ' ಅಂದೆ.
'ರಗತ ಅನಬ್ಯಾಡ್ರಿ' ಸಿಡುಕಿದ.
'ರಗತ ತಾನ ಹುಟ್ಟತೈತಿ. ಇದು ಹುಟ್ಟಂಗಿಲ್ಲ.
ಕೆಟ್ಟದ್ದು ಕೆಟ್ಟಂಗ. ಚೆಲ್ಲಬೇಕು.'

ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ ನೋಡಿದ,
ಎಣ್ಣೆ ಎಳೆ ಬಿಡಲಿಲ್ಲ.
ಕಡ್ಡಿಯನ್ನು ಮೂಗಿನ ತನಕ ಒಯ್ದು, ಅಲ್ಲೇ ನಿಂತ.
ಆಮೇಲೆ ನನ್ನ ಕಡೆ ಚಾಚಿದ.

'ನೀವ ಮೂಸ್ರಿ.
ಆ ಜ್ವರದ ವರ್ಷ ಹೋದ ಮೂಗು, ಇನ್ನಾ ಬಂದಿಲ್ಲ ನಂದು.
ಸಾರು ಸೀದ್ರೂ ಗೊತ್ತಾಗಂಗಿಲ್ಲ, ಮನಿಯಾಕಿ ಬೈತಾಳ.
ಪೆಟ್ರೋಲ್ ನಾರತೈತೇನು?'
ನಾರುತ್ತದೆ.
'ಅದು ನನಗೂ ಗೊತ್ತು. ಹ್ಯಾಂಗ ನಾರತೈತಿ?'

ರಕ್ತದ ರಿಪೋರ್ಟಿನಲ್ಲಿ ವಾಸನೆಗೆ ಕಾಲಂ ಇಲ್ಲ.
ಸಂಖ್ಯೆ ಇದೆ, ಇಷ್ಟರಿಂದ ಇಷ್ಟು ಅಂತ ಮಿತಿ ಇದೆ,
ಕೆಳಗೆ ನನ್ನ ಸಹಿ.
ಸ್ಟೋವ್ ಆರಿಸಿದ ಮೇಲೆ ಬರುತ್ತದಲ್ಲ, ಹಾಗೆ, ಅಂದೆ.
ಅಲ್ಲ. ಮತ್ತೆ ಮೂಸಿದೆ.
ಮೇಲೊಂದು ಸುಟ್ಟ ವಾಸನೆ, ಅದು ಎಣ್ಣೆಯದು.
ಅದರ ಕೆಳಗೆ...
ಚಿಕ್ಕವಳಿದ್ದಾಗ ಅಪ್ಪನ ಲೂನಾದ ಟ್ಯಾಂಕು ತೆರೆದು
ಒಂದು ಕಣ್ಣು ಮುಚ್ಚಿ ಒಳಗೆ ನೋಡುತ್ತಿದ್ದೆ.
ಎಷ್ಟಿದೆ ಅಂತ ಗಾಡಿ ಅಲ್ಲಾಡಿಸಿದರೆ
ತಣ್ಣಗೆ ಮುಖಕ್ಕೆ ಬಡಿಯುತ್ತಿತ್ತು,
ಹಲ್ಲಿನ ಬುಡಕ್ಕೆ ಇಳಿಯುತ್ತಿತ್ತು.
ಅದು.

ಹುಸೇನಪ್ಪ ಕಣ್ಣು ಮುಚ್ಚಿಕೊಂಡಿದ್ದ.
'ತಣ್ಣಗ?' ಅಂದ.
ತಣ್ಣಗೆ.
'ಹಸೀದೈತಿ ಹಂಗಾರ. ಬೆಂಕಿ ಕಂಡಿಲ್ಲ ಅದು.
ಬರೇ ಚೋಕಿಂದಾಗಿದ್ರ ಕಮಟು ಇರ್ತಿತ್ತು.
ಗೂಳ್ಯಾ, ಪೆಟ್ರೋಲ್ ಪಂಪ್ ಬಿಚ್ಚು.'

ಪಂಪಿನ ಹೊಟ್ಟೆಯಲ್ಲಿ ಡಯಾಫ್ರಾಮು, ಪೂರಿಯಷ್ಟಗಲ.
ಬೆಳಕಿಗೆ ಹಿಡಿದರೆ ಕಿರುಬೆರಳ ಉಗುರಿನಷ್ಟು ಸೀಳು.
ಅಷ್ಟರಿಂದಲೇ, ಒಂಬೈನೂರು ಮೀಟರಿಗೆ ಇಷ್ಟಿಷ್ಟು,
ಯಾರಿಗೂ ಹೇಳದೆ
ಎಣ್ಣೆಯ ಲೆಕ್ಕಕ್ಕೆ ಜಮೆಯಾಗಿತ್ತು.

ಕೆಳಗಿನ ಬೋಲ್ಟು ಕಳಚಿದಾಗ
ನಲ್ಲಿ ಬಿಟ್ಟಂತೆ ಸದ್ದು ಮಾಡುತ್ತ ಬಿತ್ತು ಬುಟ್ಟಿಗೆ.
ಬೀಡಿ ಹಚ್ಚಿಕೊಂಡು ನೋಡಲು ಬಂದ ಪಂಕ್ಚರಿನವನನ್ನು
ಗೂಳಪ್ಪ ಬೈದು ಓಡಿಸಿದ.
ಆ ಗದ್ದಲದಲ್ಲಿ, ಬೆನ್ನು ತಿರುಗಿಸಿ,
ಹುಸೇನಪ್ಪ ಹರಿದ ಡಯಾಫ್ರಾಮನ್ನು ಮೂಗಿಗೆ ಒತ್ತಿ
ಉಸಿರೆಳೆದ. ಮತ್ತೊಮ್ಮೆ.
ಆಮೇಲೆ ಜೇಬಿಗೆ ಹಾಕಿಕೊಂಡ.

'ಐತವಾರಕ್ಕೊಮ್ಮೆ ಮಂತ್ರಾಲಯ ರಸ್ತಿಗೆ ಬಿಡ್ರಿ ಗಾಡಿ,
ಮೈ ಕಾಯಲಿ.'

ಸಿಗರೇಟು ಪ್ಯಾಕಿನ ಹಿಂದೆ ಬಿಲ್ಲು:
ಪಂಪಿನ ಕಿಟ್ಟು, ಮೂರು ಲೀಟರು ಎಣ್ಣಿ, ಫಿಲ್ಟರು, ಕೂಲಿ.
ಕೂಡಿಸಿ, ಗೆರೆ ಎಳೆದು,
ಐವತ್ತು ಕಳೆದಿದ್ದ.
ಎದುರಿಗೆ, ದುಂಡಗೆ ಬರೆದಿದ್ದ:
ಮೂಗಿನ ಬಾಡಿಗಿ.